ಹದಿನೇಳನೇ ಕಾಲಂ

ಸೊಸೈಟಿಯ ನಮೂನೆಯಲ್ಲಿ ಬೆಳೆಗೆ ಇರುವುದು ಒಂದೇ ಕಾಲಂ.
ಆ ಅಗಲದಲ್ಲಿ ಹಿಡಿಸುವುದು ಒಂದೇ ಪದ.
ಮುನಿಆಂಜಿನಪ್ಪನದು ಸಲೀಸು: ದ್ರಾಕ್ಷಿ.
ಎರಡೆಕರೆ, ಕಲ್ಲುಕಂಬ, ತಂತಿ, ಚಪ್ಪರ,
ಲೆಕ್ಕವಿಟ್ಟು ಹನ್ನೆರಡು ಸಲ ಔಷಧಿ,
ಕೊಯ್ಲಿಗೆ ಒಂದು ಲಾರಿ, ಒಂದು ಕಂತೆ ದುಡ್ಡು.
ಹತ್ತು ನಿಮಿಷದಲ್ಲಿ ಬರೆದು ಮುಗಿಸಿ, ಟೀ ಕುಡಿದು,
ಬೇಲಿ ದಾಟಿದೆ.

ಬೇಲಿಯಾಚೆ ಪಿಳ್ಳಮ್ಮ.
ಅದೇ ಎರಡೆಕರೆ, ಅದೇ ಕೆಮ್ಮಣ್ಣು,
ಅದೇ ಬೋರ್‌ವೆಲ್ಲಿನ ಸರದಿ ನೀರು.
"ಏನು ಬೆಳೆ?" ಅಂದೆ.
"ಯಾವ ಎತ್ತರದ್ದು ಕೇಳ್ತೀಯಪ್ಪ?" ಅಂದಳು.

ತಲೆಯ ಮೇಲೆ ಚಕ್ಕೋತ, ತಲೆಯಷ್ಟೇ ಗಾತ್ರದ್ದು.
ಎದೆಮಟ್ಟಕ್ಕೆ ಕರಿಬೇವು.
ಮೊಣಕಾಲು ಸವರುವ ಕನಕಾಂಬರ.
ಪಾದ ಇಡಲು ಜಾಗ ಹುಡುಕುವಷ್ಟು ಕೊತ್ತಂಬರಿ, ದಂಟು.
ಬದುವಿನುದ್ದಕ್ಕೂ ಅವರೆ ಹಬ್ಬಿ ದಾರಿ ತಪ್ಪಿಸಿತ್ತು.
"ಮಣ್ಣೊಳಗೆ ಅರಿಶಿನ ಐತೆ. ಅದು ಎತ್ತರ ಅಲ್ಲ, ಆಳ.
ಅದನ್ನೂ ಬರ್ಕೋ."

ಬಾಗಲೂರಿನ ಆಕಾಶ ಸೀಳಿಕೊಂಡು ವಿಮಾನ ಇಳಿಯಿತು.
ಮಾತು ನಿಂತಿತು. ಹೂ ಕಟ್ಟುವ ಅವಳ ಬೆರಳು ನಿಲ್ಲಲಿಲ್ಲ.

"ಸಸಿ ನೆಟ್ಟಾಗ ಆರು ವರ್ಷ ಕಾಯ್ಬೇಕು ಅಂದ್ರು.
ಮರ ಕಾಯ್ತದೆ, ಹೊಟ್ಟೆ ಕಾಯ್ತದಾ?
ಹಿರೀಮಗ ಎದ್ದು ನಿಲ್ಲೋಗಂಟ
ಈ ಕೂಸುಗಳೇ ಮನೆ ನಡೆಸಿದ್ವು."
ಕೊತ್ತಂಬರಿ ಕಟ್ಟು ಐವತ್ತಕ್ಕೆ ಹೋದ ವಾರವಿತ್ತು,
ದನಕ್ಕೆ ಸುರಿದು ಬಂದ ವಾರವೂ.

ಹಣ್ಣೊಂದನ್ನೇ ತೂಗಿದರೆ ಅವಳು ಸೋತಳು.
ಒಂಟಿಯಾಗಿ ಬೆಳೆದ ಮರಕ್ಕೆ ಎಂಬತ್ತು ಕಾಯಿ,
ಇವಳದಕ್ಕೆ ಅರವತ್ತು.
ಇಪ್ಪತ್ತನ್ನು ಬೇರಿನ ನೆರೆಯವರು ತಿಂದಿದ್ದರು.
ಆದರೆ ತಿಂದವರು ಬಾಡಿಗೆಯನ್ನೂ ಕೊಟ್ಟಿದ್ದರು,
ವಾರವಾರ, ಚಿಲ್ಲರೆಯಲ್ಲಿ,
ಸೆರಗಿನ ತುದಿಗೆ ಗಂಟು ಬೀಳುವಷ್ಟು.

ಮುನಿಆಂಜಿನಪ್ಪನಿಗೆ ಒಳ್ಳೆಯ ವರ್ಷ ಬಂದಾಗ
ಒಂದೇ ಕಂತೆಯಲ್ಲಿ ಮಗಳ ಮದುವೆ ಆಗಿಹೋಯಿತು.
ಚಿಲ್ಲರೆಯಲ್ಲಿ ಮದುವೆಯಾಗುವುದಿಲ್ಲ, ನಿಜ.
ಮರುವರ್ಷ ಕೊಯ್ಲಿಗೆ ಮೂರು ದಿನವಿರುವಾಗ ಮಳೆ.
ಹಣ್ಣು ಬಿರಿದವು, ಕೆಜಿಗೆ ಒಂಬತ್ತು ರೂಪಾಯಿ.
ಒಂದೇ ಬಾಗಿಲ ಮನೆ ಅವನದು:
ಲಕ್ಷ್ಮಿ ಬಂದರೂ ಅಲ್ಲಿಂದಲೇ,
ಕಳ್ಳ ಬಂದರೂ ಅಲ್ಲಿಂದಲೇ.

ಏಳು ವರ್ಷದ ಸರಾಸರಿ ತೆಗೆದೆ.
ವರ್ಷಕ್ಕೆ ಮೂವತ್ತೆಂಟು ಸಾವಿರ, ಪಿಳ್ಳಮ್ಮನದೇ ಮುಂದೆ.
ಖುಷಿಯಾಯಿತು. ನನ್ನದೇ ತೋಟವೆಂಬಂತೆ
ಕೆಳಗೆ ಎರಡು ಗೆರೆ ಎಳೆದೆ.
ಆಮೇಲೆ ಕಂಡಿತು ಹದಿನೇಳನೇ ಕಾಲಂ:
ಕುಟುಂಬದ ದುಡಿಮೆ, ದಿನಗಳಲ್ಲಿ.

"ವರ್ಷಕ್ಕೆ ಎಷ್ಟು ದಿನ ಕೆಲಸ?"
"ಕೆಲಸ ಇಲ್ಲದ ದಿನ ಕೇಳು, ಬೇಗ ಮುಗೀತದೆ."

ನಾಲ್ಕಕ್ಕೆ ಎದ್ದು, ಟಾರ್ಚ್ ಹಲ್ಲಲ್ಲಿ ಕಚ್ಚಿ, ಹೂ ಬಿಡಿಸುವುದು.
ಐದೂಕಾಲರ ಬಸ್ಸಿಗೆ ಮಾರ್ಕೆಟ್ಟು.
ಬಂದು ಕಳೆ, ನೀರು, ಸೊಪ್ಪು, ಕಟ್ಟು.
ರಾತ್ರಿ ಟೀವಿ ಮುಂದೆ ಮತ್ತೆ ಮಾಲೆ,
ಮೊಳ ಅಳೆಯುವುದು ತನ್ನದೇ ಕೈಯಲ್ಲಿ.
ಹಾಳೆಯ ಬೆನ್ನಿಗೆ ಕೂಲಿ ಹಾಕುತ್ತ ಹೋದೆ.
ಮೂವತ್ತೆಂಟು ಸಾವಿರ ಕರಗಿತು,
ಅದರಡಿಯ ಎರಡು ಗೆರೆಯಷ್ಟೇ ಉಳಿಯಿತು.

"ಎಷ್ಟು ಬಂತಪ್ಪ?"
"ಬಾಕಿ ಬಂತು."
"ಯಾರು ಯಾರಿಗೆ?"
"ತೋಟ ನಿಮಗೆ."
ನಕ್ಕಳು, ದಾರ ಹಲ್ಲಲ್ಲೇ ಕಡಿದು:
"ಇರ್ಲಿ ಬಿಡು. ಬೇರು ಬಿಟ್ಟೈತೆ.
ಎಲ್ಲಿಗೆ ಓಡೋಗ್ತದೆ ಅದು?"

ಮೇಲಧಿಕಾರಿ ಫೋನಿನಲ್ಲಿ ಹೇಳಿದರು:
ಮುಖ್ಯ ಬೆಳೆ ಒಂದು ಬರೀರಿ,
ಹದಿನೇಳು ಖಾಲಿ ಬಿಟ್ರೆ ಯಾರೂ ಕೇಳಲ್ಲ.

ವಾಪಸು ಬರುವಾಗ ಚಪ್ಪರದ ಕೆಳಗೆ ಮುನಿಆಂಜಿನಪ್ಪ ತಡೆದ.
"ಎಲ್ಲ ಅವಳ ಕಡೆಗೇ ಬರ್ದಿರಾ?
ನನ್ನ ಹೆಂಡ್ತಿ ಏಳು ಗಂಟೆವರೆಗೂ ನಿದ್ದೆ ಮಾಡ್ತಾಳೆ ಸ್ವಾಮಿ.
ಅದನ್ನೂ ಬರ್ಕೊಳಿ."

ಅದಕ್ಕೆ ಕಾಲಂ ಇಲ್ಲ, ಅಂದೆ.
ನನ್ನ ಚೀಲದಲ್ಲಿ ಪಿಳ್ಳಮ್ಮ ತುರುಕಿದ ಚಕ್ಕೋತವಿತ್ತು,
ಒಂದು ಹಿಡಿ ಕರಿಬೇವು ಬಾಯಿಂದ ಹೊರಗೆ ಇಣುಕುತ್ತಿತ್ತು.
ಅವನು ಅದನ್ನೇ ನೋಡುತ್ತಿದ್ದ.
ಅದನ್ನೂ ನಾನು ಎಲ್ಲೂ ಬರೆದಿರಲಿಲ್ಲ.